ನೀಲಿ ದಾರದ ಮೂಟೆಗಳು

ಪ್ರಯೋಗಾಲಯದ ಹಿಂದಿನ ಕೋಣೆ,
ಬುಧವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಗೆ ಮೂವತ್ತೆರಡು ಮೆಟ್ಟಿಲು. ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತೀಯ ಎಂದು ಕೇಳಿದರೆ "ಒಂದೇ ಸಲ ಕಣೇ" ಎನ್ನುತ್ತೀಯ, ಹಿಂದೆಯೇ ಏದುಸಿರು ಕೇಳಿಸುತ್ತದೆ. ಅವಳಿಗಳಲ್ಲಿ ಚಿಕ್ಕದು ಹಾಲು ಕಕ್ಕುವುದು ಕಡಿಮೆಯಾಯಿತೇ? ಅಕ್ಕ ಒಂದು ಗಂಟೆಯಾದರೂ ಕಣ್ಣು ಮುಚ್ಚುತ್ತಿದ್ದಾಳೆಯೇ? ಭಾವನಿಗೆ ಬಟ್ಟೆ ಒಣಹಾಕುವುದನ್ನು ಕಲಿಸಿದ್ದೀಯಂತೆ. ಅಪ್ಪನಿಗೆ ಹೇಳಿದೆ. "ನಲವತ್ತು ವರ್ಷದಲ್ಲಿ ನನಗೆ ಕಲಿಸೋಕಾಗಲಿಲ್ಲ, ಅಲ್ಲಿ ಹೋಗಿ ಮೇಷ್ಟ್ರಾಗಿದಾಳೆ" ಎಂದು ನಕ್ಕರು. ಅಪ್ಪ ಆರೋಗ್ಯವಾಗಿದ್ದಾರೆ. ಊಟ ಸರಿಯಾಗಿಯೇ ಮಾಡುತ್ತಿದ್ದಾರೆ. ಅವರ ಬಗ್ಗೆ ನೀನು ಚಿಂತೆ ಮಾಡಬೇಡ.

ಪತ್ರ ಯಾಕೆ, ಫೋನ್ ಇಲ್ಲವೇ ಎಂದು ನಿನಗೆ ಅನ್ನಿಸಬಹುದು. ನಾನು ಫೋನ್ ಮಾಡಿದ ತಕ್ಷಣ ನೀನು ಅದನ್ನು ಸ್ಪೀಕರಿಗೆ ಹಾಕಿ ಮಗುವಿನ ತೊಟ್ಟಿಲ ಮೇಲೆ ಇಡುತ್ತೀಯ. ಅಕ್ಕ, ಭಾವ, ಪಕ್ಕದ ಮನೆಯವರು, ಎಲ್ಲರ ಕಿವಿಗೂ ಬೀಳುತ್ತದೆ. ಇದು ಹಾಗೆ ಹೇಳುವ ಸಂಗತಿಯಲ್ಲ. ಮೂರು ಸಲ ಫೋನ್ ಕೈಗೆತ್ತಿಕೊಂಡು ಮಗು ಹೇಗಿದೆ ಎಂದು ಕೇಳಿ ಇಟ್ಟಿದ್ದೇನೆ. ಆಗ ನೀನು "ಯಾಕೇ ದನಿ ಒಂಥರಾ ಇದೆ" ಎಂದೆ. ಶೀತ ಎಂದೆ. ಶೀತವಾಗಿರಲಿಲ್ಲ.

ಈ ವರ್ಷ ಹುಲ್ಲು ಎಷ್ಟು ಚೆನ್ನಾಗಿ ಬಂದಿದೆ ಗೊತ್ತೇ? ಮೊಣಕಾಲೆತ್ತರ, ಕಡು ಹಸಿರು. ದಾರಿಯಲ್ಲಿ ಸಿಕ್ಕವರೆಲ್ಲ ಬೇಲಿಗೆ ಕೈಯೂರಿ ನಿಂತು ಹೊಗಳುತ್ತಾರೆ. ನನಗೆ ಮಾತ್ರ ಅದನ್ನು ಹೊಗಳಲು ಆಗುವುದಿಲ್ಲ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಒಂದು ಹಿಡಿ ಹುಲ್ಲು ಕತ್ತರಿಸಿ ತಂದು ನೀರಲ್ಲಿ ಅದ್ದಿ, ಆ ನೀರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ತುಂಬ ಮರಿಹುಳಗಳು. ಹಿಕ್ಕೆಯಲ್ಲಿ ಮೊಟ್ಟೆಯೊಡೆದು, ಒದ್ದೆ ಎಸಳು ಹಿಡಿದು ಮೇಲೇರಿ, ತುದಿಯಲ್ಲಿ ಕುರಿಯ ಬಾಯಿಗಾಗಿ ಕಾದು ಕೂತಿರುತ್ತವೆ. ಒಳಗೆ ಹೋದ ಮೇಲೆ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಒಂದೊಂದು ಹೆಣ್ಣು ಹುಳ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಮತ್ತೆ ಹಿಕ್ಕೆ, ಮತ್ತೆ ಹುಲ್ಲು. ಕುಡಿಸುವ ಔಷಧಿ ಒಂದಕ್ಕೂ ನಮ್ಮ ಕಡೆಯ ಹುಳ ಈಗ ಸಾಯುವುದಿಲ್ಲ. ವರ್ಷಗಟ್ಟಲೆ ಕುಡಿಸಿ ಕುಡಿಸಿ ನಾವೇ ಅವನ್ನು ಗಟ್ಟಿ ಮಾಡಿದ್ದೇವೆ. ಅದಕ್ಕೇ ಅಲ್ಲವೇ ನಮ್ಮ ಪ್ರಯೋಗಾಲಯದ ಡಾಕ್ಟರಮ್ಮ, ಹಿಕ್ಕೆಯಲ್ಲೇ ಮರಿಹುಳವನ್ನು ಹಿಡಿದು ತಿನ್ನುವ ಬೂಷ್ಟಿನ ಪುಡಿ ಕೊಡುತ್ತೇನೆ ಎಂದಾಗ ನಾವೆಲ್ಲ ಹಿಂದೆ ಮುಂದೆ ನೋಡದೆ ಒಪ್ಪಿದ್ದು.

ನೀನು ಹೊರಟಾಗ ಪ್ರಯೋಗಕ್ಕೆ ಐದು ವಾರವಾಗಿತ್ತು. ಎರಡು ಮಂದೆ, ನಮ್ಮದು ನಲವತ್ತೆರಡು ಕುರಿ, ಕೆಳಗಿನ ಮನೆ ಅತ್ತೆಯದು ಮೂವತ್ತೆಂಟು. ಒಂದು ಮಂದೆಯ ತಿಂಡಿಯಲ್ಲಿ ಬೂಷ್ಟಿನ ಬೀಜಕಣ ಬೆರೆಸಿರುತ್ತದೆ, ಇನ್ನೊಂದರದ್ದು ಬರೀ ತಿಂಡಿ. ಮೂಟೆಯ ಬಾಯಿ ಹೊಲಿದ ದಾರದ ಬಣ್ಣ ಬಿಟ್ಟರೆ ಎರಡಕ್ಕೂ ವ್ಯತ್ಯಾಸವಿಲ್ಲ. ಹಳದಿ ದಾರದ್ದು ನಮಗೆ, ನೀಲಿ ದಾರದ್ದು ಅತ್ತೆಗೆ. ಯಾವುದರಲ್ಲಿ ಏನಿದೆ ಎಂಬುದು ಡಾಕ್ಟರಮ್ಮನ ಬೀರುವಿನಲ್ಲಿದ್ದ ಮುಚ್ಚಿದ ಲಕೋಟೆಗೆ ಮಾತ್ರ ಗೊತ್ತು. ಅವರೂ ಅದನ್ನು ಒಡೆದು ನೋಡುವಂತಿರಲಿಲ್ಲ. "ನಿಮ್ಮಪ್ಪನ ಮಂದೆ ಅಂತ ಕೈ ನಡುಗಲ್ಲ ತಾನೆ?" ಎಂದು ಮೊದಲ ದಿನವೇ ನನ್ನನ್ನು ಕೇಳಿದ್ದರು. ಇಲ್ಲ ಮೇಡಂ ಎಂದಿದ್ದೆ. ಅತ್ತೆಗೆ ಇದೆಲ್ಲ ಬೇಡವಾಗಿತ್ತು. ನೀನೇ ಹೋಗಿ ಅವರ ಜಗಲಿಯಲ್ಲಿ ಒಂದು ಮಧ್ಯಾಹ್ನವಿಡೀ ಕೂತು ಒಪ್ಪಿಸಿದ್ದು ನೆನಪಿದೆಯಲ್ಲ? "ನೀನು ಹೇಳ್ತೀಯ ಅಂದ್ರೆ ಸರಿ, ನಿನ್ನ ಮಾತು ತೆಗೆಯೋದುಂಟಾ" ಎಂದರಂತೆ.

ನನ್ನ ಕೆಲಸ ನಿನಗೆ ಗೊತ್ತು. ಪ್ರತಿ ವಾರ ಒಂದೊಂದು ಮಂದೆಯ ಹನ್ನೆರಡು ಕುರಿಗಳ ಹಿಕ್ಕೆ ಡಬ್ಬಿಗಳಲ್ಲಿ ಬರುತ್ತದೆ. ಅದನ್ನು ಗಾಜಿನ ಭರಣಿಗೆ ಹಾಕಿ, ಹತ್ತು ದಿನ ಬೆಚ್ಚಗಿಟ್ಟು, ಎಷ್ಟು ಮರಿಹುಳ ಹೊರಬಂದವು ಎಂದು ಎಣಿಸಿ ಪುಸ್ತಕದಲ್ಲಿ ಬರೆಯುವುದು. ಡಬ್ಬಿಯ ಮೇಲೆ ಕಿವಿ ನಂಬರು ಮಾತ್ರ ಇರುತ್ತದೆ. ಆದರೆ ನಮ್ಮ ಕುರಿಗಳ ಕಿವಿ ನಂಬರು ನನಗೆ ತಿಳಿಯದೇ? ಎಂಟನೇ ವಾರದ ಹೊತ್ತಿಗೆ ಯಾವ ಲಕೋಟೆಯೂ ಬೇಕಿರಲಿಲ್ಲ. ಅತ್ತೆಯ ಭರಣಿಗಳಲ್ಲಿ ಜೇಡರ ಬಲೆಯಂಥ ಎಳೆಗಳು, ಎಳೆಗಳಲ್ಲಿ ಸಣ್ಣ ಸಣ್ಣ ಉಂಗುರಗಳು, ಉಂಗುರಕ್ಕೆ ಸಿಕ್ಕಿಕೊಂಡು ಒದ್ದಾಡುವ ಮರಿಹುಳಗಳು. ಬೂಷ್ಟು ಅವನ್ನು ಹಿಡಿದು, ಒಳಹೊಕ್ಕು, ಒಂದೇ ದಿನದಲ್ಲಿ ಬರೀ ಸಿಪ್ಪೆ ಉಳಿಸುತ್ತಿತ್ತು. ಅಮ್ಮಾ, ಹದಿಮೂರು ವರ್ಷದಿಂದ ಹುಳ ಎಣಿಸುತ್ತಿದ್ದೇನೆ, ಅವು ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಭರಣಿಗಳಲ್ಲಿ ಎಳೆಯೂ ಇಲ್ಲ, ಉಂಗುರವೂ ಇಲ್ಲ. ಎಣಿಸಿ ಮುಗಿಯದಷ್ಟು ಹುಳ, ಅಷ್ಟೇ.

ಆ ಭಾನುವಾರ ಮನೆಗೆ ಹೋದಾಗ ಅಪ್ಪ ಕುರಿಯೊಂದನ್ನು ಮೊಣಕಾಲ ನಡುವೆ ಹಿಡಿದು ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಕೆಂಪಗಿರಬೇಕಾದ ಒಳಭಾಗ ಕಾಗದದಷ್ಟು ಬೆಳ್ಳಗಿತ್ತು. ದವಡೆಯ ಕೆಳಗೆ ನೀರು ತುಂಬಿ ಚೀಲ ಜೋತುಬಿದ್ದಿತ್ತು. "ಪುಡಿ ಕೆಲಸ ಮಾಡೋಕೆ ಸ್ವಲ್ಪ ಟೈಮ್ ಬೇಕೇನೋ, ಅಲ್ವಾ?" ಎಂದು ನನ್ನ ಮುಖ ನೋಡಿದರು. ತಮಗೆ ಸಿಗುತ್ತಿರುವುದೇ ಪುಡಿ ಎಂದು ಅವರು ನಂಬಿದ್ದರು. ನಾನು ತಲೆಯಾಡಿಸಿದೆ. ಮಂದೆ ತೆಳುವಾಗಿ ಕಾಣಿಸಿತು. ಕೇಳಿದ್ದಕ್ಕೆ, ಉಣ್ಣೆ ಕತ್ತರಿಸುವವನ ಟಗರಿನ ಹತ್ತಿರ ಗಬ್ಬಕ್ಕೆಂದು ಆರು ಕುರಿ ಬಿಟ್ಟಿದ್ದೇನೆ ಎಂದರು. ಸೋಮವಾರ ಡಾಕ್ಟರಮ್ಮನ ಹತ್ತಿರ ಹೋಗಿ, ಒಂದು ಮಂದೆ ಪೂರ್ತಿ ಕೈಬಿಟ್ಟು ಹೋಗುವ ಹಾಗಿದ್ದರೆ ಏನು ಮಾಡುತ್ತೀರಿ ಎಂದು ಸುತ್ತಿ ಬಳಸಿ ಕೇಳಿದೆ. "ಒಂದೇ ಮಂದೆಯಲ್ಲಿ ಮೂರು ಸತ್ತರೆ ಅಲ್ಲಿಗೆ ನಿಲ್ಲಿಸ್ತೀನಿ. ಲಕೋಟೆ ಒಡೆದು, ಪುಡಿ ಕೆಲಸ ಮಾಡ್ತಿದ್ರೆ ಎರಡೂ ಮಂದೆಗೆ ಕೊಡ್ತೀನಿ. ಮಾತು ಕೊಟ್ಟಿದೀನಲ್ಲ" ಎಂದರು. ಪುಸ್ತಕ ತೆಗೆದು ನೋಡಿದರು. ನಮ್ಮಲ್ಲಿ ಸತ್ತದ್ದು ಒಂದು ಎಂದು ಬರೆದಿತ್ತು. ಇನ್ನೆರಡು ಸಾಯಲಿ ಎಂದು ಕಾಯಬೇಕು ಎಂಬುದು ನನಗೆ ಅರ್ಥವಾದದ್ದು. ಕಾಯಲಾಗಲಿಲ್ಲ.

ಉಗ್ರಾಣದಲ್ಲಿ ಊಟದ ಹೊತ್ತಿನಲ್ಲಿ ಯಾರೂ ಇರುವುದಿಲ್ಲ. ಮೂಟೆ ಸಾಗಿಸುವ ಡ್ರೈವರಣ್ಣ ಬರುವುದು ಎರಡು ಗಂಟೆಗೆ. ಒಂಬತ್ತನೇ ವಾರ ಏಳು ನೀಲಿ ಮೂಟೆಯ ದಾರ ಬಿಚ್ಚಿ ಹಳದಿ ದಾರ ಹೊಲಿದೆ, ಏಳು ಹಳದಿ ಮೂಟೆಯದು ಬಿಚ್ಚಿ ನೀಲಿ ಹೊಲಿದೆ. ದಬ್ಬಳ ಹಿಡಿಯುವುದನ್ನು ಕಲಿಸಿದವಳು ನೀನೇ. ಹೊಲಿಗೆ ಒಂದೂ ಸೊಟ್ಟಗಾಗಲಿಲ್ಲ. ಹದಿನಾಲ್ಕು ಮೂಟೆಗೆ ನಲವತ್ತು ನಿಮಿಷ ಹಿಡಿಯಿತು. ಕೈ ತೊಳೆದುಕೊಂಡು ಡಬ್ಬಿ ಬಿಚ್ಚಿ ಊಟವನ್ನೂ ಮಾಡಿದೆ. ಮುಂದಿನ ವಾರ ಮತ್ತೆ ಹಾಗೇ ಮಾಡಿದೆ, ಅದರ ಮುಂದಿನ ವಾರವೂ. ಅತ್ತೆಯ ಹುಲ್ಲು ಎಂಟು ವಾರದಿಂದ ಶುದ್ಧವಾಗಿದೆ, ಇಪ್ಪತ್ತು ವಾರದ ಪ್ರಯೋಗದಲ್ಲಿ ಉಳಿದ ಹನ್ನೆರಡು ವಾರ ಹೇಗೋ ತಡೆದುಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಲೆಕ್ಕ ಬಲ್ಲವಳು ನಾನು. ತಡೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಮ್ಮ ಕುರಿಗಳು ಕೂಡಲೇ ಸುಧಾರಿಸಲಿಲ್ಲ. ಹುಲ್ಲಿಗೆ ಆಗಲೇ ಏರಿದ್ದ ಹುಳ ಎಲ್ಲಿಗೆ ಹೋಗಬೇಕು? ಪುಡಿ ಹೊಸದನ್ನು ಮಾತ್ರ ತಡೆಯುತ್ತದೆ. ಹದಿಮೂರನೇ ವಾರಕ್ಕೆ ರೆಪ್ಪೆಗಳಿಗೆ ಬಣ್ಣ ಬರತೊಡಗಿತು. ಅಪ್ಪನ ಸಂಭ್ರಮ ನೋಡಬೇಕಿತ್ತು. ದಾರಿಹೋಕರನ್ನೂ ಕರೆದು ಕುರಿಯ ಕಣ್ಣು ತೋರಿಸುತ್ತಿದ್ದರು. "ನಮ್ಮ ಹಿಕ್ಕೆ ಡಾಕ್ಟ್ರು ಇರೋವಾಗ ನಮಗೇನು" ಎಂದು ನನ್ನ ಬೆನ್ನು ತಟ್ಟಿದರು. ಅದೇ ವಾರ ನಾಲ್ಕು ದಿನ ಬೆಚ್ಚಗಿನ ಮಳೆ ಬಂತು, ಮರಿಹುಳ ಹುಲ್ಲಿಗೆ ಏರಲು ಹೇಳಿ ಮಾಡಿಸಿದ ಮಳೆ. ಮಳೆ ನಿಂತ ಮೇಲೆ ಅತ್ತೆಯ ಭರಣಿ ತೆಗೆದು ನೋಡಿದೆ. ಎಳೆಗಳೆಲ್ಲ ಮಾಯವಾಗಿದ್ದವು. ಎಣಿಸುತ್ತ ಹೋದೆ, ಎಣಿಕೆ ತಪ್ಪಿತು, ಮೊದಲಿಂದ ಎಣಿಸಿದೆ. ಆಗಲೇ ನಿಲ್ಲಿಸಿ ದಾರ ಮೊದಲಿನಂತೆ ಬಿಡಬಹುದಿತ್ತು. ನಿಲ್ಲಿಸಿದರೆ ನಮ್ಮವು ಮತ್ತೆ ಬಿಳಿಚಿಕೊಳ್ಳುತ್ತವೆ. ಯಾವ ಕಡೆಗೂ ಕೈ ಏಳಲಿಲ್ಲ, ಕೊನೆಗೆ ಅಭ್ಯಾಸವಾದ ಕಡೆಗೇ ಎದ್ದಿತು, ಆ ವಾರವೂ ದಾರ ಬದಲಿಸಿದೆ.

ಹೋದ ವಾರ, ಕುರಿಯ ರೆಪ್ಪೆಯ ಬಣ್ಣ ಹೋಲಿಸಿ ನೋಡುವ ಕಾರ್ಡು ಹಿಡಿದುಕೊಂಡು ಅವರ ದೊಡ್ಡಿಗೆ ಹೋಗಲೇಬೇಕಾಯಿತು. ನಿನಗೆ ಟೈಫಾಯ್ಡ್ ಆದಾಗ ನನ್ನನ್ನು ನಾಲ್ಕು ತಿಂಗಳು ಇಟ್ಟುಕೊಂಡ ಮನೆ ಅದು. ಈಗಲೂ ನನ್ನನ್ನು ಕೂಸೇ ಎಂದೇ ಕರೆಯುತ್ತಾರೆ. ಗೋಡೆಯ ಮೇಲೆ ಇದ್ದಿಲಲ್ಲಿ ದಿನಕ್ಕೊಂದು ಗೆರೆ ಎಳೆದಿಟ್ಟಿದ್ದರು, ಒಂದು ದಿನವೂ ತಿಂಡಿ ತಪ್ಪಿಸಿಲ್ಲ ಎಂಬುದಕ್ಕೆ. ನಡೆಯಲಾಗದ ಕುರಿಯೊಂದನ್ನು ತಮ್ಮ ಹಾಸಿಗೆಯ ಕಂಬಳಿ ಹಾಸಿ ಮಲಗಿಸಿ, ಬೊಗಸೆಯಲ್ಲಿ ನೀಲಿ ದಾರದ ಮೂಟೆಯ ತಿಂಡಿ ಹಿಡಿದು ತಿನ್ನಿಸುತ್ತಿದ್ದರು. "ಇದಕ್ಕೆ ಬೇರೆಯವಕ್ಕಿಂತ ಎರಡು ಹಿಡಿ ಜಾಸ್ತಿ ಹಾಕ್ತಿದೀನಿ ಕೂಸೇ. ನಿಮ್ಮ ಪುಡಿ ಹೊಟ್ಟೆಗೆ ಹೋಗ್ಲಿ ಅಂತ. ತಪ್ಪಲ್ಲ ತಾನೆ?" ಎಂದು ಕೇಳಿದರು. ತಪ್ಪಲ್ಲ ಅತ್ತೆ ಎಂದೆ. ರೆಪ್ಪೆ ನೋಡುವ ನೆಪದಲ್ಲಿ ತಲೆ ತಗ್ಗಿಸಿಕೊಂಡೇ ಇದ್ದೆ. ಹೊರಡುವಾಗ ನನ್ನ ಕೈ ಹಿಡಿದು, "ಅಮ್ಮಂಗೆ ಏನೂ ಹೇಳ್ಬೇಡ. ಬಾಣಂತಿ ಮನೇಲಿದಾಳೆ, ಸುಮ್ನೆ ಕೊರಗ್ತಾಳೆ" ಎಂದರು.

ಅವರು ಏನನ್ನೂ ಮುಚ್ಚಿಡುವವರಲ್ಲ. ಈ ಸೋಮವಾರ ಬೆಳಿಗ್ಗೆ ನಡೆದುಕೊಂಡೇ ಪ್ರಯೋಗಾಲಯಕ್ಕೆ ಬಂದು, ಒಂದೇ ವಾರದಲ್ಲಿ ನಾಲ್ಕು ಹೋದವು, ಬರ್ಕೊಳ್ಳಿ ಎಂದರು. ಡಾಕ್ಟರಮ್ಮ ಅವರನ್ನು ಕೂರಿಸಿ ಚಹಾ ಕೊಟ್ಟು, ಲಕೋಟೆ ತರಿಸಿ ನಮ್ಮೆದುರಿಗೇ ಒಡೆದರು. ನೀಲಿ ಎಂದರೆ ಪುಡಿ. ಲಕೋಟೆಯ ಪ್ರಕಾರ ಪುಡಿ ತಿಂದ ಮಂದೆ ಸಾಯುತ್ತಿದೆ, ತಿನ್ನದ ಮಂದೆ ಚಿಗುರಿದೆ. ಅವರು ನನ್ನ ಪುಸ್ತಕ ತೆಗೆದು ಬೆರಳಿಟ್ಟು ಓದುತ್ತ ಹೋದರು. ಅಮ್ಮಾ, ಆ ಪುಸ್ತಕದಲ್ಲಿ ನಾನು ಬರೆದ ಅಂಕಿ ಒಂದೂ ಸುಳ್ಳಲ್ಲ. ಒಂಬತ್ತನೇ ವಾರದವರೆಗೆ ಪುಡಿ ಗೆದ್ದಿತ್ತು, ಆಮೇಲೆ ಸೋತಿತ್ತು, ಹಾಗೆಂದೇ ಅದು ಹೇಳುತ್ತದೆ. "ನಿಮ್ಮಪ್ಪ ಹುಲ್ಲುಗಾವಲು ಬದಲಾಯಿಸಿದ್ರಾ?" ಎಂದು ಕೇಳಿದರು. ಇರಬಹುದು ಎಂದೆ. ಅವರು ಕನ್ನಡಕ ತೆಗೆದು ಪುಸ್ತಕ ಮುಚ್ಚಿದರು. "ಆರು ವರ್ಷ ಇದರ ಹಿಂದೆ ಬಿದ್ದೆ. ಹುಳ ಇದನ್ನೂ ಮೀರಿಬಿಡ್ತು. ಸೋತ ಮದ್ದನ್ನ ಜನರ ಕೈಗೆ ಕೊಡೋದು ಪಾಪ" ಎಂದು, ಬೂಷ್ಟು ಬೆಳೆಸುವ ತೊಟ್ಟಿಗಳನ್ನೆಲ್ಲ ಶುಕ್ರವಾರದೊಳಗೆ ಖಾಲಿ ಮಾಡಿ ತೊಳೆಯಲು ಹೇಳಿದರು. ಅತ್ತೆ ಅವರನ್ನೇ ಸಮಾಧಾನಪಡಿಸಿ ಎದ್ದು ಹೋದರು.

ಸಂಜೆ ಮನೆಗೆ ಹೋದೆ. ಭಾನುವಾರವಲ್ಲದ ದಿನ ನಾನು ಬರುತ್ತೇನೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಉಣ್ಣೆ ಕೊಟ್ಟಿಗೆಯ ಹಿಂದೆ ಮಳೆಗೆ ಕುಸಿದ ಮಣ್ಣನ್ನು ಸನಿಕೆಯಲ್ಲಿ ಮತ್ತೆ ಎಳೆದು ಮುಚ್ಚುತ್ತಿದ್ದರು. ಸಾಲಾಗಿ ಆರು ಗುಡ್ಡೆಗಳು. ಟಗರಿನ ಹತ್ತಿರ ಬಿಟ್ಟಿದ್ದೇನೆ ಎಂದಿದ್ದ ಆರೂ ಅಲ್ಲಿದ್ದವು. ಏಳು, ಎಂಟನೇ ವಾರದಲ್ಲೇ ಸತ್ತಿದ್ದವು. "ಹೇಳಿದ್ರೆ ನಮ್ಮನ್ನ ಪ್ರಯೋಗದಿಂದ ತೆಗೆದುಬಿಡ್ತಾರೆ ಅಂತ ಸುಮ್ನಾದೆ. ಪುಡಿ ಕೈ ತಪ್ಪುತ್ತಲ್ಲ ಅಂತ" ಎಂದರು. ಅವರು ಆ ದಿನವೇ ಹೇಳಿದ್ದರೆ ಪ್ರಯೋಗ ಅಂದೇ ನಿಲ್ಲುತ್ತಿತ್ತು, ಎರಡೂ ಮಂದೆಗೆ ಪುಡಿ ಸಿಗುತ್ತಿತ್ತು, ನಾನು ದಬ್ಬಳ ಹಿಡಿಯುತ್ತಿರಲಿಲ್ಲ. ಅಪ್ಪನ ಮೇಲೆ ಎಂದೂ ಬಾರದ ಸಿಟ್ಟು ಬಂತು. ಎರಡು ಹೆಜ್ಜೆ ಮುಂದೆ ಇಡುವಷ್ಟರಲ್ಲಿ, ಅವರು ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ ಎನ್ನಿಸಿ ಕಾಲು ನಿಂತಿತು. ಸನಿಕೆ ಇಸಿದುಕೊಂಡು ಉಳಿದ ಮಣ್ಣು ನಾನೇ ಎಳೆದೆ.

ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕೆಲಸ ಉಳಿಯುತ್ತದೆ, ಅಪ್ಪನ ಮರ್ಯಾದೆ ಉಳಿಯುತ್ತದೆ. ಆದರೆ ಈ ಹುಲ್ಲಿನ ಮೇಲೆ ಮೇಯುವ ಕುರಿಗೆಲ್ಲ ಉಳಿದಿದ್ದ ಒಂದೇ ದಾರಿಯನ್ನು ನನ್ನ ಹೊಲಿಗೆ ಮುಚ್ಚಿದಂತಾಗುತ್ತದೆ. ನಾಳೆ ಹತ್ತು ಗಂಟೆಗೆ ಡಾಕ್ಟರಮ್ಮನ ಕೋಣೆಗೆ ಹೋಗಿ ಹೇಳುತ್ತೇನೆ. ಆಮೇಲೆ ಅಪ್ಪನಿಗೆ, ಆಮೇಲೆ ಅತ್ತೆಗೆ. ನಿನಗೆ ಮೊದಲು ಹೇಳಿದ್ದು, ಹೇಳುವುದು ಹೇಗೆ ಎಂದು ಕಲಿಯಬೇಕಿತ್ತು ಅದಕ್ಕೆ. ನೀನು ಬೈಯುವುದನ್ನು ಪೂರ್ತಿ ಬೈದುಬಿಡು, ಅರ್ಧಕ್ಕೆ ನಿಲ್ಲಿಸಬೇಡ.

ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಮುತ್ತು. ಅಕ್ಕನಿಗೆ ಇದನ್ನು ಓದಲು ಕೊಡಬೇಡ, ಅವಳಿಗೆ ಹಾಲು ಇಂಗಿದರೆ ಕಷ್ಟ. ಭಾವನಿಗೆ ನನ್ನ ನಮಸ್ಕಾರ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ.

ನಿನ್ನ ಕಾಲಿಗೆ ಬಿದ್ದು,
ನಿನ್ನ ಚಿಕ್ಕವಳು

ಮತ್ತೆ ಸೇರಿಸಿದ್ದು, ಶುಕ್ರವಾರ ಬೆಳಿಗ್ಗೆ, ಅವಸರದಲ್ಲಿ. ಹೇಳಿದೆ. ಡಾಕ್ಟರಮ್ಮ ಕೂಗಾಡಲಿಲ್ಲ. ಯಾವ ವಾರದಿಂದ ಎಂದು ಮಾತ್ರ ಕೇಳಿ ಬರೆದುಕೊಂಡರು, ಬೀಗದ ಕೈ ಇಸಿದುಕೊಂಡರು. ತೊಟ್ಟಿಗಳು ಬುಧವಾರವೇ ಖಾಲಿಯಾಗಿದ್ದವು, ನಾನು ಇಲ್ಲಿ ಕೂತು ನಿನಗೆ ಬರೆಯುತ್ತಿದ್ದ ಹೊತ್ತಿಗೇ. ಫ್ರಿಜ್ಜಿನಲ್ಲಿ ಒಂದು ಗಾಜಿನ ನಳಿಗೆಯಲ್ಲಿ ಮೂಲ ಬೂಷ್ಟು ಉಳಿದಿದೆ, ಅದರಿಂದ ಮತ್ತೆ ಬೆಳೆಸಲು ಮೂರು ತಿಂಗಳು ಬೇಕು. ಈಗ ಇರುವ ಪುಡಿಯೆಂದರೆ ನಮ್ಮ ಮನೆಯಲ್ಲಿ ಉಳಿದಿದ್ದ ಹನ್ನೆರಡು ಮೂಟೆ ಅಷ್ಟೇ. ಅಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಹನ್ನೆರಡನ್ನೂ ಕೈಗಾಡಿಯಲ್ಲಿ ಹಾಕಿಕೊಂಡು ಎರಡು ಸುತ್ತು ಎಳೆದು ಅತ್ತೆಯ ಬಾಗಿಲಲ್ಲಿ ಇಳಿಸಿ, ಒಂದು ವರ್ಷದಿಂದ ಕುರಿ ಕಾಲಿಡದ ನಮ್ಮ ಮೇಲಿನ ಹೊಲದ ಬೇಲಿಯನ್ನು ಅವರ ಮಂದೆಗಾಗಿ ತೆಗೆದಿಟ್ಟು ಬಂದಿದ್ದಾರೆ. ಅತ್ತೆ ಬಾಗಿಲು ತೆರೆದಿಲ್ಲ. ನಾನು ಹೋಗಿ ಹೇಳಿದಾಗ ಪೂರ್ತಿ ಕೇಳಿಸಿಕೊಂಡು, "ನಿಮ್ಮನೆ ಮೂಟೆ ಇನ್ನು ನನ್ನ ದೊಡ್ಡಿಗೆ ಬೇಡ" ಎಂದು ಒಳಗೆ ಹೋದವರು ಮತ್ತೆ ಹೊರಗೆ ಬಂದಿಲ್ಲ. ಕೂಸೇ ಎನ್ನಲಿಲ್ಲ. ಸೋಮವಾರದಿಂದೀಚೆಗೆ ಇನ್ನೂ ಏಳು ಹೋಗಿ, ಅವರಲ್ಲಿ ಇಪ್ಪತ್ತೇಳು ಉಳಿದಿವೆ. ಹೊಸ ಹುಳ ಏರುವುದು ತಪ್ಪಿದರೆ ಹದಿನೈದಾದರೂ ನಿಲ್ಲುತ್ತವೆ. ನಿನ್ನ ಮಾತಿಗಲ್ಲದೆ ಆ ಬಾಗಿಲು ತೆರೆಯುವುದಿಲ್ಲ. ಡ್ರೈವರಣ್ಣ ಈಗಲೇ ನಿಮ್ಮ ಕಡೆ ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ, ಅವನ ಗಾಡಿಯಲ್ಲೇ ವಾಪಸ್ಸು ಬಾ ಅಮ್ಮಾ. ನಮ್ಮ ಮನೆಗಲ್ಲ, ಮೊದಲು ಅವರ ಮನೆಯ ಮುಂದೆ ಇಳಿ. ಮೂಟೆಗಳು ಹೊರಗೇ ಇವೆ, ಮೋಡ ಕಟ್ಟುತ್ತಿದೆ.